ದನ ತಿನ್ನದ ಗಿಡ

ಹೋದ ವಾರ ಕಾರಿನವರೊಬ್ಬರು ನಮ್ಮ ನರ್ಸರಿ ಮುಂದೆ ಗಾಡಿ ನಿಲ್ಲಿಸಿ, ಕೆಳಗೂ ಇಳಿಯದೆ ಕಿಟಕಿಯಿಂದಲೇ ಕೇಳಿದರು: “ಏನಮ್ಮ, ದನ ತಿನ್ನದೇ ಇರೋ ಗಿಡ ಯಾವುದಿದೆ? ಸೈಟಿಗೆ ಕಾಂಪೌಂಡ್ ಇಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಅವರ ತಪ್ಪೇನೂ ಇಲ್ಲ, ಗಿಡ ಕೊಳ್ಳುವವರಲ್ಲಿ ಅರ್ಧ ಜನ ಕೇಳುವ ಮಾತೇ ಅದು. ಆದರೂ “ಅಂಥದ್ದು ಯಾವುದೂ ಇಲ್ಲ” ಅಂತ ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟೆ. ಅವರು ಬಿಡಬೇಕಲ್ಲ! ಹೆದ್ದಾರಿ ಮಧ್ಯೆ ಉದ್ದಕ್ಕೂ ಗುಲಾಬಿ ಬಣ್ಣದ ಹೂ ಬಿಟ್ಟು ನಿಂತಿದ್ದ ಕಣಗಿಲೆ ಸಾಲು ತೋರಿಸಿ, “ಅದಿಲ್ವಾ?” ಅಂದರು. “ಇಟ್ಟಿಲ್ಲ, ಇಡೋದೂ ಇಲ್ಲ” ಅಂದೆ. ಅವರು ಏನೋ ಗೊಣಗಿಕೊಂಡು ಮದ್ದೂರು ಕಡೆಗೆ ಹೋದರು.

ಹೊಂಗೆಮರದ ಕೆಳಗೆ ಮಂಚದ ಮೇಲೆ ಕೂತಿದ್ದ ಅತ್ತೆ, “ಗಿರಾಕಿ ಮ್ಯಾಲ್ ಯಾಕಮ್ಮಿ ಅಂಗ್ ಬೀಳ್ತೀಯ?” ಅಂದರು. ಯಾಕೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಸಂಜೆ ಗಾಳಿ ತಿರುಗಿದಾಗ ರಸ್ತೆ ಕಡೆಯಿಂದ ಆ ಹೂವಿನ ಸಿಹಿ ವಾಸನೆ ಬಂತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಕಡೆ ತಿರುಗಿ ಕೂತರು. ನಾನು ಹೋಗಿ ಸಸಿಗಳಿಗೆ ನೀರು ಬಿಟ್ಟೆ.

ಅದು ನಡೆದದ್ದು ನಾಲೆಗೆ ನೀರು ತಡವಾಗಿ ಬಿಟ್ಟ ವರ್ಷ. ನನ್ನ ಓರಗಿತ್ತಿ ಭಾಗ್ಯನ ಮಗಳಿಗೆ ಈಗ ಎಷ್ಟು ವಯಸ್ಸೋ ಅಷ್ಟು ಹಳೆಯ ಮಾತು. ನಮ್ಮೂರು ಹನಕೆರೆಯಿಂದ ಒಳಕ್ಕೆ, ನಾಲೆ ದಂಡೆಯ ಮೇಲಿದೆ. ಆಷಾಢ ಮುಗಿಯುತ್ತ ಬಂದರೂ ನಾಟಿಗೆ ನೀರಿಲ್ಲ. ಗದ್ದೆ ಕೆಲಸ ಇಲ್ಲದೆ ಹೆಂಗಸರೆಲ್ಲ ಜಗಲಿ ಮೇಲೆ ಕೂತು ಒಬ್ಬರ ಮೇಲೊಬ್ಬರು ಚಾಡಿ ಹೇಳಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಊರಿನ ಡೈರಿ ಕಟ್ಟಡದಲ್ಲಿ ಹೆಂಗಸರಿಗೆ ತೋಟಗಾರಿಕೆ ತರಬೇತಿ ಅಂತ ಶುರುವಾಯಿತು. ನಾನು ಮೊದಲು ಹೋಗಲ್ಲ ಅಂದೆ. ಹುಟ್ಟಿದಾಗಿನಿಂದ ಮಣ್ಣಿನಲ್ಲೇ ಬಿದ್ದು ಹೊರಳಾಡಿದವಳಿಗೆ ಗಿಡ ನೆಡುವುದನ್ನು ಇನ್ಯಾರೋ ಹೇಳಿಕೊಡಬೇಕೇ? ಭಾಗ್ಯ ಬಿಡಲಿಲ್ಲ. “ಬಾ ಜಯಕ್ಕೋ, ಮನೇಲಿದ್ರೆ ಅತ್ತೆ ಬಾಯಿ, ಅಲ್ಲೋದ್ರೆ ಟೀ ಬಿಸ್ಕತ್ತು” ಅಂದಳು. ಅದೇ ಆಸೆಗೆ ಹೋದೆವು.

ಭಾಗ್ಯ ಮಳವಳ್ಳಿ ಕಡೆಯವಳು. ಮದುವೆಯಾಗಿ ಬರುವಾಗ ತವರುಮನೆಯಿಂದ ಒಂದು ಕೆಂಪು ಕರು ಹೊಡೆದುಕೊಂಡು ಬಂದಿದ್ದಳು. ಅದೇ ಬೆಳೆದು ಕೆಂದಿ ಆಯಿತು. ನಮ್ಮ ಕೊಟ್ಟಿಗೆಯಲ್ಲಿ ಬೇರೆ ದನಗಳೂ ಇದ್ದವು. ಕೆಂದಿಯನ್ನು ಮಾತ್ರ ಅವಳು ಇನ್ನೊಬ್ಬರ ಕೈಯಲ್ಲಿ ಕರೆಯಗೊಡುತ್ತಿರಲಿಲ್ಲ. ಅದೂ ಅಷ್ಟೇ, ಇವಳ ಬಳೆ ಸದ್ದು ಕೇಳಿದರೆ ಕೊಟ್ಟಿಗೆಯಿಂದಲೇ ಅಂಬಾ ಅನ್ನುತ್ತಿತ್ತು. ಆ ವರ್ಷ ಕೆಂದಿ ಗಬ್ಬವಾಗಿತ್ತು, ಭಾಗ್ಯನೂ ಬಸುರಿ. ಹಿಂದಿನ ವರ್ಷ ಒಂದು ಬಸಿರು ನಿಲ್ಲದೆ ಹೋಗಿ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿಕೊಂಡು ಮಲಗಿದ್ದವಳು. ಆಗ ಅತ್ತೆ ಅವಳ ಬಾಯಿಗೆ ಮುದ್ದೆ ತುತ್ತು ಮಾಡಿ ಇಡುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಇಡುತ್ತಾ ಬಯ್ಯುತ್ತಲೂ ಇದ್ದರು ಅನ್ನಿ. ಬಯ್ಯದೆ ಒಂದು ಲೋಟ ನೀರನ್ನೂ ಕೊಟ್ಟವರಲ್ಲ ನಮ್ಮತ್ತೆ.

ಅತ್ತೆಯ ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವರ ಬಲಗೈ ಹೆಬ್ಬೆರಳು ಬಗ್ಗುವುದಿಲ್ಲ. ಹೊಸದಾಗಿ ಮದುವೆಯಾದಾಗ ಕಬ್ಬು ಕಡಿಯುತ್ತ ಮಚ್ಚು ಜಾರಿ ನರ ಹೋಗಿತ್ತಂತೆ. ಕುಡುಗೋಲು ಹಿಡಿಯುತ್ತಾರೆ, ಮುದ್ದೆ ತಿರುವುತ್ತಾರೆ, ಎಷ್ಟು ಭಾರದ ಹುಲ್ಲಿನ ಹೊರೆ ಬೇಕಾದರೂ ಹೊರುತ್ತಾರೆ. ಆದರೆ ಗಂಟು ಹಾಕಲಾರರು, ಬಿಚ್ಚಲಾರರು. ಅವರ ಎಲೆಅಡಿಕೆ ಚೀಲದ ದಾರವನ್ನೂ ನಾನೋ ಭಾಗ್ಯನೋ ಕಟ್ಟಬೇಕು. ಹೊರೆ ಕಟ್ಟುವುದು ಸೊಸೆಯರ ಕೆಲಸ, ಹೊರುವುದು ಅತ್ತೆ ಕೆಲಸ ಅಂತ ನಮ್ಮ ಮನೆಯಲ್ಲಿ ಎಂದೋ ಗೊತ್ತುವಳಿಯಾಗಿತ್ತು. ಗಂಡಸರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು, ಅವರಿಗೆ ಗೋದಲಿಯಲ್ಲಿ ಮೇವು ಬಿದ್ದಿದ್ದರೆ ಸಾಕು.

ಪಾಠ ಮಾಡಲು ಮದ್ದೂರಿನಿಂದ ಬೈಕಿನಲ್ಲಿ ಲೋಕೇಶ್ ಅಂತ ಒಬ್ಬ ಎಳೆ ಮೇಷ್ಟ್ರು ಬರುತ್ತಿದ್ದರು. ಒಳ್ಳೆಯ ಮನುಷ್ಯ, ಮಾತು ಮಾತ್ರ ಪುಸ್ತಕದ್ದು. ಮೊದಲ ದಿನವೇ ಹಲಗೆ ಮೇಲೆ ಬರೆದರು: ಏಕವಾರ್ಷಿಕ, ದ್ವೈವಾರ್ಷಿಕ, ಬಹುವಾರ್ಷಿಕ. ಒಂದು ವರ್ಷದಲ್ಲಿ ಹುಟ್ಟಿ ಹೂಬಿಟ್ಟು ಸಾಯುವುದು ಚೆಂಡುಹೂವು, ಎರಡು ವರ್ಷ ತೆಗೆದುಕೊಳ್ಳುವುದು ಗಜ್ಜರಿ, ವರ್ಷ ವರ್ಷ ಉಳಿಯುವುದು ದಾಸವಾಳ. ಭಾಗ್ಯ ಕೈ ಎತ್ತಿದಳು. “ನಮ್ಮತ್ತೆ ಯಾವ್ದ್ರಲ್ಲಿ ಬತ್ತಾರೆ ಸಾ?”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಕೆಂಪಗಾಗಿ, “ಬಹುವಾರ್ಷಿಕ ಅಂತ ಇಟ್ಕೊಳ್ಳಿ” ಅಂದರು. ಸಂಜೆ ಹೊತ್ತಿಗೆ ಈ ಮಾತು ಅತ್ತೆ ಕಿವಿಗೆ ಬಿದ್ದಿತ್ತು. “ಊ ಕಣಮ್ಮಿ, ನಿನ್ ಮೊಗೀನ ಮದ್ವೆ ಊಟ ಉಂಡೇ ನಾನ್ ಓಗೋದು” ಅಂದರು. ಭಾಗ್ಯ ನಕ್ಕು ಹೊಟ್ಟೆ ಮೇಲೆ ಕೈ ಇಟ್ಟುಕೊಂಡಳು.

ದಿನಕ್ಕೊಂದು ಗುಂಪು ಮಾಡಿದರು ಮೇಷ್ಟ್ರು. ಕಾಂಡ ನೋಡಿ ಮರ, ಪೊದೆ, ಬಳ್ಳಿ, ನೆಲಹೊದಿಕೆ. ಎಲೆ ನೋಡಿ ನಿತ್ಯಹಸಿರು, ಎಲೆ ಉದುರಿಸುವಂಥದ್ದು. ಬಿಸಿಲಿಗೆ ಬೇಕಾದ್ದು, ನೆರಳಿಗೆ ಬೇಕಾದ್ದು. ಹೂವಿಗೆ ಬೆಳೆಸುವುದು, ಬರೀ ಎಲೆ ಚೆಂದಕ್ಕೆ ಬೆಳೆಸುವುದು. ಎಲೆ ಕಾಂಡಕ್ಕೆ ಕೂರುವ ರೀತಿಗೆ ಒಂದು ಪಾಠ. ಗಣ್ಣು ಅಂದರೆ ಕಾಂಡದಲ್ಲಿ ಎಲೆ ಹುಟ್ಟುವ ಗಂಟು ಅಂತ ಅವರು ವಿವರಿಸಹೊರಟಾಗ, ಕಬ್ಬಿನ ನಾಡಿನ ಹೆಂಗಸರಿಗೆ ಗಣ್ಣು ಹೇಳಿಕೊಡುತ್ತೀರಾ ಅಂತ ನಾವೇ ರೇಗಿಸಿದೆವು. ಒಂದು ಗಣ್ಣಿಗೆ ಒಂದೇ ಎಲೆ ಇರುವುದು ಒಂದು ಜಾತಿ, ಎದುರುಬದುರಾಗಿ ಎರಡು ಇರುವುದು ಒಂದು ಜಾತಿ, ಸುತ್ತ ಮೂರು ಎಲೆ ಕೂರುವುದು ಇನ್ನೊಂದು. “ಗಣ್ಣಿಗೆ ಮೂರೆಲೆ ಕಂಡರೆ ಮೊದಲು ಕಣಗಿಲೆ ಇರಬಹುದಾ ಅಂತ ನೋಡಿ” ಅಂದರು. ನನಗೆ ಮನಸ್ಸಿನಲ್ಲಿ ನಾಟಿದ್ದು ಅದೊಂದೇ. ಯಾಕೆ ನಾಟಿತೋ, ನಾಟದಿದ್ದರೆ ಚೆನ್ನಾಗಿರುತ್ತಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಶ್ರಾವಣ ಬಂತು, ನಾಲೆಗೂ ನೀರು ಬಂತು. ಬೆಳಿಗ್ಗೆ ನಾಟಿ, ಮಧ್ಯಾಹ್ನ ಪಾಠ. ಮೈ ಮುರಿದು ಹಾಕುವಂಥ ದಿನಗಳು. ಡೈರಿ ಮುಂದೆ ರಸ್ತೆಗುಂಟ ಯಾವ ಕಾಲದಲ್ಲೋ ನೆಟ್ಟು ಮರೆತ ಕಣಗಿಲೆ ಸಾಲು ಕಾಡು ಬೆಳೆದಂತೆ ಬೆಳೆದಿತ್ತು. ಅದನ್ನು ಕತ್ತರಿಸಿ ಬೇಲಿ ಮಾಡುವುದು ಆ ವಾರದ ಕೆಲಸ. ಮೇಷ್ಟ್ರು ಸಾಲಿನ ಮುಂದೆ ನಿಂತು ಕೇಳಿದರು: “ದಿನಾ ದನ ಓಡಾಡೋ ದಾರಿ. ತಂತಿ ಇಲ್ಲ, ಮುಳ್ಳಿಲ್ಲ. ಒಂದೆಲೆಯಾದ್ರೂ ಹೋಗಿದೆಯಾ? ಇದೇ ಇವತ್ತಿನ ಗುಂಪು. ದನ ತಿನ್ನದ ಗಿಡಗಳು.”

“ಮುಟ್ಟೋದೇ ಇಲ್ವಾ ಸಾ?” ಅಂದಳು ಭಾಗ್ಯ.

“ಬಾಯಿ ಹಾಕಿದ್ರೂ ಕಹಿಗೆ ಬಿಟ್ಟುಬಿಡುತ್ತೆ.”

ಅವರು ಹೇಳಿದ್ದು ಸುಳ್ಳಲ್ಲ. ನಿಂತ ಗಿಡಕ್ಕೆ ಆ ಮಾತು ಸರಿ. ಕಣಗಿಲೆ ಬೇರು ಕೆಟ್ಟದ್ದು ಅಂತ ನಮಗೂ ಗೊತ್ತಿತ್ತು. ಆದರೆ ಅದರ ಹೂವನ್ನು ದಿನಾ ದೇವರಿಗೆ ಏರಿಸುತ್ತೇವೆ, ಬೇರನ್ನು ಯಾರು ಅಗೆಯುತ್ತಾರೆ ಅನ್ನುವ ಧೈರ್ಯ. ಎಲೆ, ಕಡ್ಡಿ, ತೊಗಟೆ ಎಲ್ಲವೂ ವಿಷ ಅನ್ನುವುದು ‘ವಿಷದ ಗಿಡಗಳು’ ಅನ್ನುವ ಗುಂಪಿನಲ್ಲಿತ್ತು. ಆ ಗುಂಪು ಮುಂದಿನ ವಾರದ ಪಾಠ.

ಕತ್ತರಿಸಿದ್ದನ್ನು ಗುಂಡಿಗೆ ಹಾಕಿ ಅಂದರು ಮೇಷ್ಟ್ರು. ನಮ್ಮ ಕಡೆ ಹೆಂಗಸರಿಗೆ ಹಸಿರನ್ನು ಗುಂಡಿಗೆ ಹಾಕಲು ಕೈ ಬರುವುದಿಲ್ಲ. ಒಬ್ಬಳು ಅವರೆ ಬಳ್ಳಿಗೆ ಕಡ್ಡಿ ಬೇಕು ಅಂದಳು, ಇನ್ನೊಬ್ಬಳು ನೆಡುತ್ತೇನೆ ಅಂದಳು. ಭಾಗ್ಯ ಸಣ್ಣ ಸಣ್ಣ ಕೊನೆಗಳನ್ನೇ ಆರಿಸಿ ಮಡಿಲಿಗೆ ತುಂಬಿಕೊಂಡು, “ಎಷ್ಟ್ ಬಳುಕ್ತದೆ ನೋಡಕ್ಕ, ಅಗ್ಗದಂಗೆ” ಅಂದಳು. ನಾನು ಅತ್ತ ನೋಡಲೂ ಇಲ್ಲ. ಬೆಳಿಗ್ಗೆ ಬಗ್ಗಿ ನಾಟಿ ಹಾಕಿದ ಸೊಂಟ ಆಗ ಸಿಡಿಯುತ್ತಿತ್ತು.

ಮಾರನೆಯ ದಿನ ನಾನು ಮಗನ ಸ್ಕೂಲಿನ ಕೆಲಸಕ್ಕೆ ಮಂಡ್ಯಕ್ಕೆ ಹೋಗಿದ್ದೆ. ಮನೆಯಲ್ಲಿ ಅವತ್ತು ನಡೆದದ್ದು ಇಷ್ಟು. ಭಾಗ್ಯ ಬದುವಿನ ಹುಲ್ಲು ಕೊಯ್ದು, ಕಬ್ಬಿನ ಸೋಗೆ ಸೇರಿಸಿ ಹೊರೆ ಕಟ್ಟಿದಳು. ಬಸುರಿ ಹೊರಬಾರದು ಅಂತ ಅತ್ತೆ ತಲೆ ಮೇಲೆ ಹೊತ್ತು ತಂದರು. ಸಾಮಾನ್ಯವಾಗಿ ಹೊರೆಯನ್ನು ಸೋಗೆಯಲ್ಲೇ ಕಟ್ಟುತ್ತೇವೆ. ಬಿಚ್ಚುವ ಗೊಡವೆ ಇಲ್ಲ, ಕಟ್ಟನ್ನೂ ದನ ತಿಂದುಬಿಡುತ್ತದೆ. ಕಬ್ಬಿನ ಊರಿನವರ ರೂಢಿ ಅದು. ಆ ರೂಢಿಯಲ್ಲೇ ಅತ್ತೆ ಹೊರೆಯನ್ನು ಇಡಿಯಾಗಿ ಕೆಂದಿಯ ಗೋದಲಿಗೆ ಉರುಳಿಸಿದರು.

ಮರುದಿನ ಬೆಳಿಗ್ಗೆ ಕೆಂದಿ ಏಳಲಿಲ್ಲ. ಬಾಯಲ್ಲಿ ಜೊಲ್ಲು, ಹೊಟ್ಟೆ ಉಬ್ಬರ, ಕಾಲು ಸೆಟೆದುಕೊಂಡಿತ್ತು. ಭಾಗ್ಯ ಅದರ ಕತ್ತು ತಬ್ಬಿಕೊಂಡು ಕೂಗುತ್ತಿದ್ದಳು. ಗಂಡಸರು ಓಡಿಹೋಗಿ ದನದ ಡಾಕ್ಟರನ್ನು ಕರೆತಂದರು. ಅವರು ಎದೆಗೆ ಕಿವಿಗೊಳವೆ ಇಟ್ಟು, “ಎದೆಬಡಿತ ದಾರಿ ತಪ್ಪಿದೆ. ಏನು ತಿಂದಿದೆ? ಅದು ಗೊತ್ತಾಗಬೇಕು” ಅಂದರು. ಹುಲ್ಲು, ಸೋಗೆ, ಹಿಂಡಿ, ದಿನಾ ತಿನ್ನುವುದೇ ಅಂತ ಎಲ್ಲರೂ ಒಂದೇ ಉಸಿರಿಗೆ ಹೇಳಿದರು.

ನಾನು ಗೋದಲಿಗೆ ಕೈ ಹಾಕಿ ಕೆದಕಿದೆ. ತಳದಲ್ಲಿ ಅಗಿದು ಬಿಟ್ಟ ಒಂದು ಕಡ್ಡಿ ಸಿಕ್ಕಿತು. ಹೊರೆ ಕಟ್ಟಿದ ಹಗ್ಗದ ಹಾಗೆ ತಿರುಚಿತ್ತು. ಎಲೆ ಒಂದೂ ಉಳಿದಿರಲಿಲ್ಲ. ಆದರೆ ಗಣ್ಣಿನ ಸುತ್ತ ಎಲೆ ಕಿತ್ತ ಗುರುತು, ಒಂದು, ಎರಡು, ಮೂರು. ಇದು ಕಣಗಿಲೆ ಅಂತ ಡಾಕ್ಟರ ಕೈಗೆ ಕೊಟ್ಟೆ. ಅವರು ನೋಡಿದ ರೀತಿಯಲ್ಲೇ ಕೆಂದಿಯ ಗತಿ ಗೊತ್ತಾಯಿತು. “ನಿಂತಿರೋ ಗಿಡವನ್ನ ಮೂಸಿ ಬಿಟ್ಟುಬಿಡುತ್ತೆ. ಬಾಡಿದ್ದು ಮೇವಿನ ಜೊತೆ ಸೇರಿದ್ರೆ ದನಕ್ಕೆ ತಿಳಿಯಲ್ಲ” ಅಂದರು. ಇದ್ದಿಲು ಪುಡಿ ಕಲಸಿ ಕುಡಿಸಿದರು, ಸೂಜಿ ಚುಚ್ಚಿದರು, ಪಾಪ, ಕೈಲಾದದ್ದನ್ನೆಲ್ಲ ಮಾಡಿದರು.

ಭಾಗ್ಯನ ಗಂಡ ಕೊಟ್ಟಿಗೆ ಅದುರುವಂತೆ ಕೂಗಿದ: “ಯಾರ್ ಕಟ್ಟಿದ್ದು ಒರೆಯಾ?”

ನಾನು ಭಾಗ್ಯನ ಮುಖ ನೋಡಿದೆ. ಅದರಲ್ಲಿ ರಕ್ತ ಇರಲಿಲ್ಲ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಅತ್ತೆ ಅಂದರು: “ನಾನೇ ಕಣ್ಲಾ ಕಟ್ಟಿದ್ದು. ದಾರೀಲಿ ಒರೆ ಸಡ್ಲಾಯ್ತು, ಬಿದ್ದಿದ್ ಕಡ್ಡೀಲಿ ಕಟ್ದೆ. ಯಾನ್ ಮಾಡೀಯ ಈಗ?”

ಮೈದುನ ತಲೆ ಚಚ್ಚಿಕೊಂಡ. ಭಾಗ್ಯ ಒಂದು ಗಳಿಗೆ ಅತ್ತೆಯನ್ನೇ ನೋಡಿದಳು. ಆಮೇಲೆ ಕಟ್ಟೆ ಒಡೆದ ಹಾಗೆ ಶುರುವಾಯಿತು. “ನಮ್ಮವ್ವನ್ ಮನೆ ಅಸ ಕಣತ್ತೆ ಅದು! ಗಬ್ಬದ್ ಅಸಾ! ನಿಮ್ ಕೈಯಾರ ಇಸ ಇಟ್ರಲ್ಲಾ!” ಬಯ್ಯದೆ ನಿಂತ ಅತ್ತೆಯನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮಧ್ಯಾಹ್ನದ ಹೊತ್ತಿಗೆ ಕೆಂದಿ ಹೋಯಿತು, ಹೊಟ್ಟೆಯಲ್ಲಿದ್ದದ್ದೂ ಹೋಯಿತು. ನಾಲೆ ದಂಡೆಯಲ್ಲಿ ಗುಂಡಿ ತೆಗೆದು, ಅರಿಶಿನ ಕುಂಕುಮ ಇಟ್ಟು ಮಣ್ಣು ಮಾಡಿದೆವು. ಮಳೆ ಜಿನುಗುತ್ತಿತ್ತು. ಭಾಗ್ಯನನ್ನು ಇಬ್ಬರು ಹಿಡಿದುಕೊಂಡಿರಬೇಕಾಯಿತು.

ಹಿತ್ತಲಿನಲ್ಲಿ ಅತ್ತೆ ಕಾಲು ತೊಳೆಯುತ್ತಿದ್ದರು. ನಾನು ನೇರವಾಗಿ ಹೋಗಿ ಅವರ ಬಲಗೈ ಹಿಡಿದುಕೊಂಡೆ. “ಈ ಬೆರಳಲ್ಲಿ ಕಟ್ಟಿದ್ರಾ ಅತ್ತೆ? ಯಾರಿಗ್ ಹೇಳ್ತೀರಾ?”

ಕೈ ಕಿತ್ತುಕೊಂಡರು. “ಬಾಯ್ ಮುಚ್ಕಂಡಿರು. ಬಿಚ್ಚಕ್ ಆಗ್ದೆ ಇಡಿಯಾಗ್ ಆಕ್ದೋಳು ನಾನೇ ಅಲ್ವಾ? ಅರ್ಧ ನಂದೇ. ಮಿಕ್ಕಿದ್ ಅರ್ಧ ಒಪ್ಕಂಡ್ರೆ ನಂಗೇನ್ ಭಾರವಾ?”

“ಅವಳು ನಿಮ್ಮನ್ನ ಜನ್ಮದಲ್ಲಿ ಕ್ಷಮಿಸಲ್ಲ.”

“ಬುಡು, ಬೇಡ. ಅಸ ಸತ್ತೋಯ್ತು ಅಂತ ಅಳೋಳು ವಸಿ ದಿನ ಅತ್ಕಂಡು ಎದ್ದೇಳ್ತಾಳೆ. ನಾನೇ ಸಾಯಿಸ್ದೆ ಅಂತ ಕೂತ್ಕಂಡೋಳು ಎದ್ದೇಳಲ್ಲ. ಓದ್ ವರ್ಸ ಗ್ವಾಡೆ ಕಡೆ ತಿರುಗ್ಕಂಡ್ ಮಲಗಿದ್ದು ಮರೆತ್ಯಾ? ಒಟ್ಟೇಲಿ ಮೊಗ ಅದೆ. ನನ್ ಬೋದ್ಕಳ್ಳಿ, ಬೋದ್ಕಂಡಾದ್ರೂ ಅನ್ನ ತಿನ್ಲಿ.”

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಎಷ್ಟು ಹಟದ ಮುದುಕಿ! ಚೊಂಬು ತುಂಬಿ ಅವರ ಕಾಲಿಗೆ ನೀರು ಹುಯ್ದೆ.

ಮುಂದಿನ ಪಾಠದ ದಿನ ಮೇಷ್ಟ್ರಿಗೆ ಸುದ್ದಿ ಮುಟ್ಟಿತ್ತು. ಹಲಗೆ ಮೇಲಿದ್ದ ಗುಂಪುಗಳನ್ನೆಲ್ಲ ಅಳಿಸಿ, ಸೀಮೆಸುಣ್ಣ ತೆಗೆದುಕೊಂಡರು. “ಒಂದು ಗಿಡ ಒಂದೇ ಗುಂಪಲ್ಲಿ ಇರಲ್ಲ. ಇದನ್ನ ಮೊದಲನೇ ದಿನ ಹೇಳಬೇಕಿತ್ತು ನಾನು” ಅಂದರು. ಕಣ್ಣು ಒರೆಸಿಕೊಂಡರು. ಭಾಗ್ಯನ ಜಾಗ ಖಾಲಿ ಇತ್ತು. ನಿತ್ಯಹಸಿರು, ಪೊದೆ, ಹೂಗಿಡ, ಬೇಲಿಗಿಡ, ಬರ ತಡೆಯುವುದು, ದನ ತಿನ್ನದ್ದು, ವಿಷದ್ದು ಅಂತ ಏಳೆಂಟು ಹೆಸರು ಬರೆದು, ಎಲ್ಲದರ ಮುಂದೆಯೂ ಕಣಗಿಲೆ ಅಂತಲೇ ಬರೆದರು. ಅವತ್ತು ಯಾರೂ ಟೀ ಕುಡಿಯಲಿಲ್ಲ.

ಭಾಗ್ಯ ಬಾಣಂತನಕ್ಕೆ ಅಂತ ಮಳವಳ್ಳಿಗೆ ಹೋದವಳು ಮತ್ತೆ ಬಂದು ಇರಲಿಲ್ಲ. ಹೆಣ್ಣು ಮಗು, ಚೆನ್ನಾಗಿ ಹುಟ್ಟಿತು. ಮೈದುನನೂ ಅಲ್ಲೇ ಕೆಲಸ ಹುಡುಕಿಕೊಂಡ. ಮದುವೆ ಮುಂಜಿಗಳಲ್ಲಿ ಸಿಕ್ಕರೆ ನನ್ನ ಹತ್ತಿರ ಮಾತಾಡುತ್ತಿದ್ದಳು, ಅತ್ತೆ ಕಡೆ ಕಣ್ಣೆತ್ತುತ್ತಿರಲಿಲ್ಲ. ಅತ್ತೆ ಬಡಿಸಲು ಬಂದರೆ ಎಲೆ ಬಿಟ್ಟು ಏಳುತ್ತಿದ್ದಳು. ಎಷ್ಟು ಸಲ ನಾಲಿಗೆ ತುದಿಗೆ ಬಂದಿತ್ತೋ ಆ ಮಾತು. ಅತ್ತೆಯ ಒಂದು ನೋಟಕ್ಕೆ ನುಂಗಿಕೊಂಡೆ. ಕಲಿತ ವಿದ್ಯೆಯಿಂದ ನಾನು ರಸ್ತೆ ಬದಿಯಲ್ಲಿ ಈ ನರ್ಸರಿ ಮಾಡಿದೆ. ಅತ್ತೆ ದಿನಾ ಬಂದು ಹೊಂಗೆಮರದಡಿ ಕೂರುತ್ತಾರೆ.

ಈ ಭಾನುವಾರ ಭಾಗ್ಯ ಬಂದಳು. ಮಳವಳ್ಳಿಯಲ್ಲಿ ಮನೆ ಕಟ್ಟಿಸಿದ್ದಾಳೆ, ಗೃಹಪ್ರವೇಶ. ಮಗಳನ್ನು ಕರೆದುಕೊಂಡು, ಕುಂಕುಮದ ಬಟ್ಟಲು ಹಿಡಿದು ಕರೆಯಲು ಬಂದಿದ್ದಳು. ನನಗೆ ಕುಂಕುಮ ಕೊಟ್ಟಳು. ಅತ್ತೆಯ ಮುಂದೆ ಬಟ್ಟಲನ್ನು ಮಂಚದ ಮೇಲಿಟ್ಟು, “ಬಂದ್ಬುಡಿ” ಅಂತ ಎಲ್ಲೋ ನೋಡಿಕೊಂಡು ಅಂದಳು. ಆಮೇಲೆ ಮನೆ ಮುಂದಕ್ಕೆ ಗಿಡ ಬೇಕು ಅಂತ ಸಾಲುಗಳ ಮಧ್ಯೆ ಹೋಗಿ ನಿಂತಳು. ದಾಸವಾಳ ಎರಡು, ಮಲ್ಲಿಗೆ ಒಂದು ತೆಗೆದಿಟ್ಟೆ.

ಅತ್ತೆ ಮೊಮ್ಮಗಳನ್ನು ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ಚೀಲದಿಂದ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡು, ರೂಢಿಯಂತೆ ಚೀಲವನ್ನು ನನ್ನ ಕಡೆ ಚಾಚಿದರು. ನನ್ನ ಕೈ ಮಣ್ಣಾಗಿತ್ತು. ಹುಡುಗಿ ಮುಂದೆ ಬಂದಳು.

“ಕೊಡಿ ಅಜ್ಜಿ, ನಾನ್ ಕಟ್ತೀನಿ. ನಿಮಗೆ ಗಂಟು ಹಾಕೋಕೆ ಬರಲ್ವಾ?”

“ಎಬ್ಬೆಟ್ಟು ಬಗ್ಗಲ್ಲ ಕಣವ್ವ. ನಿಮ್ಮಪ್ಪ ಉಟ್ಟಕ್ ಮುಂಚಿಂದ್ಲೂ ಇಂಗೇಯ.”

ಸಸಿ ಎತ್ತಿಕೊಳ್ಳುತ್ತಿದ್ದ ಭಾಗ್ಯ ಬಗ್ಗಿದ್ದಲ್ಲೇ ನಿಂತಳು. ಅವಳು ಸಸಿಯನ್ನು ಕೆಳಗಿಟ್ಟು ಬಂದು, ಮಗಳ ಕೈಯಿಂದ ಚೀಲ ತೆಗೆದುಕೊಂಡು ಮಂಚದ ಪಕ್ಕ ನೆಲದ ಮೇಲೆ ಕೂತಳು.

“ನಂಗೊತ್ತಿತ್ತು ಅತ್ತೆ” ಅಂದಳು. “ಅವತ್ತೇ ಗೊತ್ತಿತ್ತು. ನೀವು ನಾನೇ ಅಂದಾಗ ಅಲ್ಲ ಅನ್ನಕ್ಕೆ ಬಾಯೇ ಬರ್ನಿಲ್ಲ. ಆಮೇಲ್ ನಿಮ್ ಮಖ ನೋಡಕ್ಕೂ ಆಗ್ನಿಲ್ಲ.”

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ಇವಳದು ಸಿಟ್ಟು ಅಂದುಕೊಂಡಿದ್ದೆ. ಅತ್ತೆ ಎತ್ತಿಕೊಂಡ ಭಾರ ಇವಳ ಹೆಗಲಿನಿಂದ ಇಳಿದೇ ಇರಲಿಲ್ಲ.

ಅತ್ತೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಆದರೂ ಮಾತು ಅದೇ ಗಡಸು. “ಅದ್ಯಾಕಮ್ಮಿ ಈಗ. ಮೊಗೀಗೆ ಬಾಳೆಅಣ್ ಕೊಡೇ ಜಯಾ. ಬಿಸ್ಲಾಯ್ತದೆ, ಒರಡ್ಲಿ ಅವ್ರು.”

ಭಾಗ್ಯ ಅಳುತ್ತಲೇ ಚೀಲದ ಬಾಯಿ ಸುರುಕಿ, ಎರಡು ಸುತ್ತು ಸುತ್ತಿ, ಗಂಟು ಹಾಕಿ ಅತ್ತೆಯ ಮಡಿಲಲ್ಲಿಟ್ಟಳು. ಕುಂಕುಮದ ಬಟ್ಟಲು ತೆಗೆದುಕೊಂಡು ಈ ಸಲ ತನ್ನ ಕೈಯಿಂದಲೇ ಅತ್ತೆಯ ಹಣೆಗೆ ಇಟ್ಟಳು. ಗಿಡ ಎತ್ತಿಕೊಂಡು ಮಗಳ ಜೊತೆ ಬಸ್ಸಿಗೆ ಹೋದಳು.

ಸಂಜೆ ಅತ್ತೆ ಚೀಲ ಬಿಚ್ಚಲು ನೋಡಿದರು. ಗಂಟು ಬಿಗಿಯಾಗಿತ್ತು. “ಕೊಡಿ, ಬಿಚ್ಚಿಕೊಡ್ತೀನಿ” ಅಂತ ಕೈ ಚಾಚಿದೆ. ಅವರು ಚೀಲವನ್ನು ಹಿಂದಕ್ಕೆ ಎಳೆದುಕೊಂಡರು.

“ಬುಡು, ಇರ್ಲಿ” ಅಂದರು. ಅವತ್ತು ಅತ್ತೆ ಮತ್ತೆ ಎಲೆಅಡಿಕೆ ಹಾಕಲಿಲ್ಲ.